ಬೆಕ್ಕಿನ ಲಸಿಕೆಯ ಸೀಸೆಯೊಳಗೆ ಏನೇನಿದೆ ಗೊತ್ತೇ!

ಮುಂದಿನ ಸಲ ಬೆಕ್ಕಿಗೆ ಇಂಜೆಕ್ಷನ್ ಹಾಕಿಸಲು ಹೋದಾಗ ಬೆಕ್ಕನ್ನು ಜೊತೆಗೆ ಬಂದವರ ಕೈಗೆ ಕೊಟ್ಟು, ನೀವು ಡಾಕ್ಟರ ಕೈಯನ್ನೇ ನೋಡುತ್ತ ನಿಲ್ಲಿ. ಫ್ರಿಜ್ಜಿನಿಂದ ಎರಡು ಪುಟಾಣಿ ಸೀಸೆ ಹೊರಬರುತ್ತವೆ. ಒಂದರಲ್ಲಿ ತಿಳಿನೀರಿನಂಥ ದ್ರವ. ಇನ್ನೊಂದರ ತಳದಲ್ಲಿ ಬಿಳಿಯದೊಂದು ಬಿಲ್ಲೆ, ಇದೆಯೋ ಇಲ್ಲವೋ ಎನ್ನುವಷ್ಟು. ದ್ರವವನ್ನು ಸಿರಿಂಜಿಗೆ ಎಳೆದು ಬಿಲ್ಲೆಯ ಮೇಲೆ ಬಿಡುತ್ತಾರೆ, ಸೀಸೆಯನ್ನು ಮೆಲ್ಲಗೆ ಅಲ್ಲಾಡಿಸುತ್ತಾರೆ, ಬಿಲ್ಲೆ ಮಾಯ. ಒಂದೇ ಒಂದು ಎಂಎಲ್. ಅದರೊಳಗೆ ಈಗ ಮೂರು ಬಗೆಯ ಜೀವಂತ ವೈರಸ್‌ಗಳಿವೆ! ಕೊಲ್ಲುವ ಶಕ್ತಿ ಉಡುಗುವ ಹಾಗೆ ಪ್ರಯೋಗಾಲಯದಲ್ಲಿ ಪಳಗಿಸಿ, ಹೆಪ್ಪುಗಟ್ಟಿಸಿ ಒಣಗಿಸಿ, ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿ ಇಟ್ಟಿದ್ದ ವೈರಸ್‌ಗಳು. ಅವನ್ನೇ ನಿಮ್ಮ ಬೆಕ್ಕಿನ ಚರ್ಮದಡಿಗೆ ಇಳಿಸುತ್ತಾರೆ. ಬೆಕ್ಕು ಒಂದು ಸಲ ಗುರ್ ಎನ್ನುತ್ತದೆ. ಕೆಲಸ ಮುಗಿಯಿತು.

ಮುಗಿಯಿತೇ? ನನಗಂತೂ ಅಲ್ಲಿಂದಲೇ ಶುರುವಾಯಿತು. ಎರಡು ತಿಂಗಳ ಮರಿಗೂ ಅದೇ ಒಂದು ಎಂಎಲ್, ಆರು ಕಿಲೊ ತೂಗುವ ಗಡವ ಬೆಕ್ಕಿಗೂ ಅದೇ ಒಂದು ಎಂಎಲ್. ಜ್ವರದ ಔಷಧವನ್ನು ತೂಕ ನೋಡದೆ ಕೊಡದ ಡಾಕ್ಟರು ಇಲ್ಲಿ ಮಾತ್ರ ತೂಕವನ್ನೇ ಕೇಳುವುದಿಲ್ಲ. ಯಾಕೆಂದರೆ ಇದು ಮೈಗೆ ಮುಟ್ಟಿಸುವ ಒಂದು ಸುದ್ದಿ ಮಾತ್ರ: ಇಂಥ ಶತ್ರು ಇದ್ದಾನೆ, ಮುಖ ಹೀಗಿದೆ, ನೆನಪಿಟ್ಟುಕೋ. ಸುದ್ದಿಗೆ ತೂಕವೆಲ್ಲಿಯದು! ಈ ಎಳೆ ಹಿಡಿದು ಹೋದರೆ ಅದು ಬಾಸ್ಟನ್‌ಗೆ, ಹಿಂದೂ ಮಹಾಸಾಗರದ ದಕ್ಷಿಣದ ಒಂದು ನಿರ್ಜನ ದ್ವೀಪಕ್ಕೆ, ಪೋಲಿಯೊಗೆ, ನಮ್ಮ ಬನ್ನೇರುಘಟ್ಟಕ್ಕೆ ಎಳೆದುಕೊಂಡು ಹೋಗುತ್ತದೆ. ಬೆಕ್ಕು ಸಾಕಿದವರು ‘ಟ್ರೈಕ್ಯಾಟ್ ಆಯ್ತಾ?’ ಎಂದು ಒಬ್ಬರನ್ನೊಬ್ಬರು ಸಲೀಸಾಗಿ ಕೇಳುವ ಆ ಲಸಿಕೆಯಲ್ಲಿ ಇಷ್ಟೆಲ್ಲ ಇದೆ ಎಂದು ಯಾರಾದರೂ ಹೇಳಿದ್ದರೇ?

ಮೂರರಲ್ಲಿ ಅತಿ ಭಯಂಕರವಾದದ್ದನ್ನು ಮೊದಲು ನೋಡೋಣ. ಪ್ಯಾನ್‌ಲ್ಯೂಕೋಪೀನಿಯಾ ವೈರಸ್. ಪಾರ್ವೊ ಕುಲಕ್ಕೆ ಸೇರಿದ್ದು. ಒಂದು ತಲೆಗೂದಲಿನ ಅಡ್ಡಗಲಕ್ಕೆ ಸಾಲುಗಟ್ಟಿ ನಿಲ್ಲಿಸಿದರೆ ಮೂರು ಸಾವಿರ ಹಿಡಿಸುತ್ತವೆ, ಅಷ್ಟು ಚಿಕ್ಕದು! ಅದರ ಇಡೀ ಡಿಎನ್ಎ ಬರವಣಿಗೆ ಸುಮಾರು 5,000 ಅಕ್ಷರ. ಈ ಬರಹ ಮುಗಿಯುವಷ್ಟರಲ್ಲಿ ನೀವು ಅದಕ್ಕಿಂತ ಹೆಚ್ಚು ಅಕ್ಷರ ಓದಿರುತ್ತೀರಿ. ಇಷ್ಟು ಕಡಿಮೆ ಸರಕಿನಲ್ಲಿ ತನ್ನನ್ನು ತಾನು ನಕಲು ಮಾಡಿಕೊಳ್ಳುವ ಯಂತ್ರವನ್ನೂ ಅದು ಇಟ್ಟುಕೊಂಡಿಲ್ಲ. ಹಾಗಾಗಿ ಒಡೆದು ಎರಡಾಗಲು ಸಿದ್ಧವಾಗಿರುವ ಜೀವಕೋಶಗಳನ್ನೇ ಹುಡುಕುತ್ತದೆ, ಅವುಗಳ ಯಂತ್ರವನ್ನೇ ಕದ್ದು ಬಳಸುತ್ತದೆ. ಹುಡುಕುವುದಾದರೂ ಹೇಗೆ? ಇಲ್ಲಿದೆ ನೋಡಿ ಚಮತ್ಕಾರ. ಬೆಳೆಯುವ ಕೋಶಕ್ಕೆ ಕಬ್ಬಿಣದ ಅಂಶ ಹೆಚ್ಚು ಬೇಕು. ಕಬ್ಬಿಣವನ್ನು ಒಳಗೆ ಬಿಟ್ಟುಕೊಳ್ಳಲು ಅದು ತನ್ನ ಮೈಮೇಲೆ ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಎಂಬ ಬಾಗಿಲುಗಳನ್ನು ಹೆಚ್ಚು ಹೆಚ್ಚು ತೆರೆದಿಡುತ್ತದೆ. ವೈರಸ್ ಒಳನುಗ್ಗುವುದು ಅದೇ ಬಾಗಿಲಿನಿಂದ! ಬೆಳವಣಿಗೆಯ ಹಸಿವೇ ಸಾವಿಗೆ ದಾರಿ ತೋರಿಸುತ್ತದೆ.

ಬೆಕ್ಕಿನ ಮೈಯಲ್ಲಿ ಸದಾ ಹೊಸ ಕೋಶ ಹುಟ್ಟುತ್ತಿರುವುದು ಎಲ್ಲಿ? ಕರುಳಿನ ಒಳಪದರದಲ್ಲಿ, ಮೂಳೆಯ ಮಜ್ಜೆಯಲ್ಲಿ. ಎರಡೂ ಒಟ್ಟಿಗೆ ಕುಸಿಯುತ್ತವೆ. ರಕ್ತದ ಒಂದು ಮೈಕ್ರೊಲೀಟರಿನಲ್ಲಿ ಸಾವಿರಗಳ ಲೆಕ್ಕದಲ್ಲಿ ಇರಬೇಕಾದ ಬಿಳಿ ರಕ್ತಕಣಗಳು ನೂರರ ಲೆಕ್ಕಕ್ಕೆ ಇಳಿಯುತ್ತವೆ. ಜ್ವರ, ವಾಂತಿ, ಭೇದಿ. ಬೆಕ್ಕು ನೀರಿನ ಬಟ್ಟಲಿನ ಮೇಲೆ ತಲೆ ಇಳಿಬಿಟ್ಟು ಕೂತಿರುತ್ತದೆ, ಕುಡಿಯಲಾಗುವುದಿಲ್ಲ. ಚಿಕಿತ್ಸೆ ಸಿಗದ ಎಳೆಮರಿಗಳಲ್ಲಿ ಹತ್ತಕ್ಕೆ ಒಂಬತ್ತು ಸಾಯಬಹುದು, ಅದೂ ಎರಡು ಮೂರು ದಿನದಲ್ಲಿ. ನಿನ್ನೆ ಪರದೆ ಹಿಡಿದು ಜೋತಾಡುತ್ತಿದ್ದದ್ದು ಇವತ್ತು ಇಲ್ಲ. ನಮ್ಮ ಊರುಗಳಲ್ಲಿ ಎಷ್ಟು ಮರಿಗಳು ಹೀಗೆ ಹೋಗಿಲ್ಲ! ‘ಯಾರೋ ಇಲಿ ಪಾಷಾಣ ಇಟ್ಟಿದ್ದಾರೆ’ ಎಂದು ಪಕ್ಕದ ಮನೆಯ ಕಡೆ ಕೆಂಗಣ್ಣು ಬಿಟ್ಟವರು ಎಷ್ಟು ಜನವೋ. ದನಕ್ಕೆ ಕಾಲುಬಾಯಿ ಜ್ವರದ ಲಸಿಕೆ ಮನೆಬಾಗಿಲಿಗೇ ಬರುತ್ತದೆ, ನಾಯಿಗೆ ರೇಬಿಸ್ ಕ್ಯಾಂಪ್ ನಡೆಯುತ್ತದೆ. ಅಡುಗೆಮನೆಯ ಒಲೆಕಟ್ಟೆ ಪಕ್ಕವೇ ಮಲಗುವ ಪ್ರಾಣಿ ಮಾತ್ರ ಯಾವ ಲೆಕ್ಕಕ್ಕೂ ಸಿಗಲಿಲ್ಲ.

ಈ ವೈರಸ್ಸಿಗೆ ಕೊಬ್ಬಿನ ಹೊರಕವಚ ಇಲ್ಲ. ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್ ಇದನ್ನು ಮುಟ್ಟಲಾರದು. ನೆಲದಲ್ಲಿ, ಗೋಣಿಚೀಲದಲ್ಲಿ, ಚಪ್ಪಲಿಯಲ್ಲಿ ಒಂದು ವರ್ಷದವರೆಗೂ ಬದುಕಿರಬಲ್ಲದು! ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎನ್ನುತ್ತಾರಲ್ಲ, ಆ ಏಳರಲ್ಲಿ ಒಂದು ಮನೆಯ ಅಟ್ಟದಲ್ಲಿ ಕಳೆದ ವರ್ಷ ಒಂದು ಬೆಕ್ಕು ಇದರಿಂದ ಸತ್ತಿದ್ದರೂ ಸಾಕು. ಅಪಾರ್ಟ್‌ಮೆಂಟಿನ ಎಂಟನೇ ಮಹಡಿಯಲ್ಲಿ ಹೊರಗೆ ಕಾಲಿಡದೆ ಬೆಳೆದ ಬೆಕ್ಕಿಗೂ ಇದು ನಿಮ್ಮ ಚಪ್ಪಲಿಯ ಜೊತೆಗೇ ಲಿಫ್ಟ್ ಹತ್ತಿ ಬರುತ್ತದೆ. ಬ್ಲೀಚ್ ಇದನ್ನು ಕೊಲ್ಲುತ್ತದೆ. (ಫಿನೈಲ್ ಸುರಿಯಬೇಡಿ, ಅದು ಬೆಕ್ಕಿಗೇ ವಿಷ.)

ಈ ವೈರಸ್ಸಿನ ಶಕ್ತಿ ಎಷ್ಟು ಎಂದು ಅಳೆದ ಒಂದು ಪ್ರಯೋಗವೇ ನಡೆದುಹೋಗಿದೆ. ದಕ್ಷಿಣ ಆಫ್ರಿಕಕ್ಕೆ ಸೇರಿದ ಮೇರಿಯನ್ ದ್ವೀಪ, ಅಂಟಾರ್ಕ್ಟಿಕದ ದಾರಿಯಲ್ಲಿರುವ ಚಳಿಗಾಳಿಯ ಬಂಡೆನೆಲ. 1949ರಲ್ಲಿ ಅಲ್ಲಿನ ಹವಾಮಾನ ಕೇಂದ್ರದವರು ಇಲಿ ಕಾಟ ತಡೆಯಲು ಐದು ಬೆಕ್ಕು ತಂದರು. ಐದೇ! 1977ರ ಹೊತ್ತಿಗೆ ಅವು ಸುಮಾರು 3,400. ಇಲಿ ಬಿಟ್ಟು ಬಿಲದಲ್ಲಿ ಗೂಡುಕಟ್ಟುವ ಕಡಲಹಕ್ಕಿಗಳನ್ನು ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಮಿಕ್ಕಿ ತಿಂದು ಹಾಕುತ್ತಿದ್ದವು. ಆ ವರ್ಷ ವಿಜ್ಞಾನಿಗಳು ಬೇಕೆಂದೇ ಪ್ಯಾನ್‌ಲ್ಯೂಕೋಪೀನಿಯಾ ವೈರಸ್ಸನ್ನು ದ್ವೀಪಕ್ಕೆ ಬಿಟ್ಟರು. 1982ಕ್ಕೆ ಉಳಿದದ್ದು ಆರುನೂರು ಚಿಲ್ಲರೆ. ಹಕ್ಕಿಗಳ ಪರ ನಿಂತು ಯೋಚಿಸಿದರೆ ಸರಿ ಎನಿಸುತ್ತದೆ, ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದಿದರೆ ಬೆನ್ನು ತಣ್ಣಗಾಗುತ್ತದೆ. ಲಸಿಕೆ ಕಾಣದ ಬೆಕ್ಕಿನ ಸಮೂಹವೊಂದಕ್ಕೆ ಈ 5,000 ಅಕ್ಷರ ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಈಗ ಬಾಸ್ಟನ್. ಬೆಕ್ಕಿನ ಈ ರೋಗಕ್ಕೆ ವೈರಸ್ಸೇ ಕಾರಣ ಎಂದು 1928ರಲ್ಲೇ ಫ್ರಾನ್ಸಿನ ವೆರ್ಜ್ ಮತ್ತು ಕ್ರಿಸ್ಟೊಫೊರೊನಿ ತೋರಿಸಿದ್ದರು. 1939ರಲ್ಲಿ ಬಾಸ್ಟನ್ನಿನಲ್ಲಿ ಹಾರ್ವರ್ಡ್‌ನ ಇಬ್ಬರು ಅದರ ಬಗ್ಗೆ ವಿವರವಾದ ಪ್ರಬಂಧ ಪ್ರಕಟಿಸಿದರು: ವಿಲಿಯಂ ಹ್ಯಾಮನ್ ಮತ್ತು ಜಾನ್ ಎಂಡರ್ಸ್. ಹೆಸರು ನೋಡಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಎಂಡರ್ಸ್! ಹತ್ತು ವರ್ಷದ ನಂತರ, 1949ರಲ್ಲಿ, ಥಾಮಸ್ ವೆಲ್ಲರ್ ಮತ್ತು ಫ್ರೆಡರಿಕ್ ರಾಬಿನ್ಸ್ ಜೊತೆ ಪೋಲಿಯೊ ವೈರಸ್ಸನ್ನು ನರಕೋಶವೇ ಅಲ್ಲದ ಅಂಗಾಂಶದಲ್ಲಿ, ಗಾಜಿನ ಪಾತ್ರೆಯಲ್ಲಿ ಬೆಳೆಸಿ ತೋರಿಸಿದ ಅದೇ ಎಂಡರ್ಸ್. ಸಾಕ್ ಅವರ ಪೋಲಿಯೊ ಲಸಿಕೆಗೆ ಬಾಗಿಲು ತೆರೆದದ್ದು ಅದೇ ಕೆಲಸ. 1954ರಲ್ಲಿ ಮೂವರಿಗೂ ನೊಬೆಲ್. ಮುಂದೆ ದಡಾರದ ಲಸಿಕೆಯ ಹಿಂದೆಯೂ ಅವರೇ. ನಮ್ಮ ಮಕ್ಕಳು ಬೂತಿನಲ್ಲಿ ಬಾಯಿ ತೆರೆದು ಹಾಕಿಸಿಕೊಳ್ಳುವ ಎರಡು ಹನಿಯ ವಂಶವೃಕ್ಷದಲ್ಲಿರುವ ಆ ಮಹಾಶಯ ಅದಕ್ಕೂ ಮೊದಲು ಸಾಯುತ್ತಿದ್ದ ಬೆಕ್ಕಿನ ಮರಿಗಳ ರಕ್ತಕಣ ಎಣಿಸುತ್ತಿದ್ದರು!

ಹ್ಯಾಮನ್ ಏನಾದರು? ಅವರೂ ಪೋಲಿಯೊ ಕಡೆಗೇ ಹೋದರು, ಆದರೆ ಬೇರೆ ದಾರಿಯಲ್ಲಿ. ಲಸಿಕೆ ಇನ್ನೂ ಸಿಕ್ಕಿರಲಿಲ್ಲ. ದೊಡ್ಡವರ ರಕ್ತದಿಂದ ತೆಗೆದ ಗಾಮಾ ಗ್ಲಾಬ್ಯುಲಿನ್ ಅನ್ನು, ಅಂದರೆ ಬೇರೆಯವರ ಮೈ ತಯಾರಿಸಿದ ಪ್ರತಿಕಾಯಗಳನ್ನು, ಮಕ್ಕಳಿಗೆ ಚುಚ್ಚಿದರೆ ಹೇಗೆ? 1951 ಮತ್ತು 52ರಲ್ಲಿ ಯೂಟಾ, ಟೆಕ್ಸಸ್, ಐಯೊವಾಗಳಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಪರೀಕ್ಷೆ ನಡೆಯಿತು. ಕೆಲಸ ಮಾಡಿತು, ಆದರೆ ಕೆಲವೇ ವಾರ. ಸಾಲದ ಪ್ರತಿಕಾಯ ಖರ್ಚಾಗಿ ಹೋಗುತ್ತದೆ.

ಸ್ವಲ್ಪ ನಿಲ್ಲಿ. ಒಂದೇ ಬೆಕ್ಕಿನ ಪ್ರಬಂಧಕ್ಕೆ ಸಹಿ ಹಾಕಿದ ಇಬ್ಬರು. ಒಬ್ಬರು ಸಾಲದ ರಕ್ಷಣೆಯ ದಾರಿಗೆ, ಇನ್ನೊಬ್ಬರು ಕಲಿತ ರಕ್ಷಣೆಯ ದಾರಿಗೆ. ಈಗ ನಿಮ್ಮ ಮನೆಯ ಎರಡು ತಿಂಗಳ ಮರಿಯನ್ನು ಎತ್ತಿಕೊಳ್ಳಿ. ಅದರ ಮೈಯಲ್ಲಿ ಇವತ್ತು, ಈ ಕ್ಷಣ, ಅವೆರಡೂ ಎದುರುಬದುರು ನಿಂತಿವೆ!

ಮರಿ ಹುಟ್ಟುವಾಗ ಅದರ ರಕ್ತದಲ್ಲಿ ಪ್ರತಿಕಾಯ ಇಲ್ಲವೆನ್ನುವಷ್ಟು ಕಡಿಮೆ. ಮೊದಲ ದಿನ ಕುಡಿಯುವ ಗಿಣ್ಣುಹಾಲಿನಲ್ಲಿ ತಾಯಿಯ ಪ್ರತಿಕಾಯಗಳಿರುತ್ತವೆ. ಮರಿಯ ಕರುಳು ಆ ಒಂದು ದಿನ ಮಾತ್ರ ಅವನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ, ಆಮೇಲೆ ದಾರಿ ಮುಚ್ಚಿಕೊಳ್ಳುತ್ತದೆ. ದೂರದ ಪ್ರಯಾಣಕ್ಕೆ ಅಮ್ಮ ಕಟ್ಟಿಕೊಟ್ಟ ಬುತ್ತಿ ಅದು: ತಿಂದಷ್ಟು ದಿನ ಹಸಿವಿಲ್ಲ, ಆದರೆ ಬುತ್ತಿ ತಿಂದವರಿಗೆ ಅಡುಗೆ ಬರುವುದಿಲ್ಲ. ಹೆಚ್ಚುಕಡಿಮೆ ಹತ್ತು ದಿನಕ್ಕೊಮ್ಮೆ ಅದು ಅರ್ಧಕ್ಕೆ ಇಳಿಯುತ್ತದೆ. ಎಂಟು ವಾರಕ್ಕೆ, ಹನ್ನೆರಡಕ್ಕೆ, ಕೆಲವು ಮರಿಗಳಲ್ಲಿ ಹದಿನಾರಕ್ಕೂ ಆಚೆ ಬರಿದಾಗುತ್ತದೆ. ಒಂದೇ ಸೂಲಿನ ಮರಿಗಳಲ್ಲೂ ವ್ಯತ್ಯಾಸ. ಮೊದಲ ದಿನ ನುಗ್ಗಿ ಹೆಚ್ಚು ಹಾಲು ಕುಡಿದದ್ದಕ್ಕೆ ಹೆಚ್ಚು ಕಾಲ, ಮೂಲೆಗೆ ತಳ್ಳಿಸಿಕೊಂಡದ್ದಕ್ಕೆ ಕಡಿಮೆ.

ತೊಡಕು ಇಲ್ಲಿದೆ. ತಾಯಿಯ ಪ್ರತಿಕಾಯಕ್ಕೆ ನಿಜವಾದ ವೈರಸ್ ಯಾವುದು, ಲಸಿಕೆಯ ಪಾಪದ ವೈರಸ್ ಯಾವುದು ಎಂಬ ಭೇದ ಗೊತ್ತಿಲ್ಲ. ಎರಡನ್ನೂ ಹೊಡೆದುಹಾಕುತ್ತದೆ. ತಾಯಿಯ ಪ್ರೀತಿ ಮರಿಯ ಪಾಠವನ್ನೇ ತಪ್ಪಿಸುತ್ತದೆ! ಇನ್ನೂ ವಿಚಿತ್ರ ಕೇಳಿ: ನಡುವೆ ಕೆಲವು ದಿನಗಳ ಒಂದು ಸಂದಿ ಬರುತ್ತದೆ. ಉಳಿದಿರುವ ಪ್ರತಿಕಾಯ ಬೀದಿಯ ಬಲಿಷ್ಠ ವೈರಸ್ಸನ್ನು ತಡೆಯಲು ಸಾಲದು, ಆದರೆ ಲಸಿಕೆಯ ಬಡಪಾಯಿ ವೈರಸ್ಸನ್ನು ಮುಗಿಸಲು ಸಾಕು. ಆ ಸಂದಿ ಯಾವ ಮರಿಗೆ ಯಾವ ವಾರ ಬರುತ್ತದೆಂದು ಹೊರಗಿನಿಂದ ನೋಡಿದರೆ ಯಾವ ಡಾಕ್ಟರಿಗೂ ತಿಳಿಯದು.

ಅದಕ್ಕೇ ಆರರಿಂದ ಎಂಟನೇ ವಾರಕ್ಕೆ ಶುರುಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಹದಿನಾರನೇ ವಾರ ದಾಟುವವರೆಗೂ ಕರೆಯುತ್ತಾರೆ! ‘ಎಷ್ಟು ಸಲ ಚುಚ್ಚಿಸೋದು, ದುಡ್ಡು ಮಾಡೋಕೆ’ ಎಂದು ಗೊಣಗುವವರನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಒಂದರ ಮೇಲೊಂದು ಬಲ ಹೇರುವ ಲೆಕ್ಕ ಇದಲ್ಲ. ಬುತ್ತಿ ಮುಗಿದ ಕ್ಷಣಕ್ಕೆ ಸರಿಯಾಗಿ ಒಂದು ಡೋಸಾದರೂ ಒಳಗಿರಲಿ ಎಂಬ ಲೆಕ್ಕ. ಪ್ಯಾನ್‌ಲ್ಯೂಕೋಪೀನಿಯಾದ ಜೀವಂತ ಲಸಿಕೆ ತಡೆಯಿಲ್ಲದೆ ಒಳಹೊಕ್ಕರೆ ಒಂದೇ ಒಂದು ಸಾಕಾಗುತ್ತದೆ, ಕೆಲವೇ ದಿನದಲ್ಲಿ ಕಾಪು ಹತ್ತುತ್ತದೆ. ಸಾಕುಪ್ರಾಣಿ ವೈದ್ಯರ ಜಾಗತಿಕ ಒಕ್ಕೂಟವಾದ ವಿಶ್ವ ಸಣ್ಣಪ್ರಾಣಿ ಪಶುವೈದ್ಯಕೀಯ ಸಂಘ 2024ರ ತನ್ನ ಮಾರ್ಗಸೂಚಿಯಲ್ಲಿ ಆರು ತಿಂಗಳಿಗೆ ಇನ್ನೊಂದು ಕೊಡಿ ಎಂದಿದೆ, ಹದಿನಾರನೇ ವಾರದಲ್ಲೂ ಬುತ್ತಿ ಉಳಿಸಿಕೊಂಡಿದ್ದ ಮರಿಗಳು ಒಂದು ವರ್ಷ ಬರಿಮೈಯಲ್ಲಿ ತಿರುಗಬಾರದೆಂದು.

ಬಸುರಿ ಬೆಕ್ಕಿಗೂ ತಿಂಗಳು ತುಂಬದ ಮರಿಗೂ ಮಾತ್ರ ಜೀವಂತ ಲಸಿಕೆ ಸಲ್ಲದು. ಹುಟ್ಟುವ ಮುಂಚೆ ಮತ್ತು ಹುಟ್ಟಿದ ಹೊಸತರಲ್ಲಿ ಮರಿಯ ಕಿರುಮೆದುಳು ಭರದಿಂದ ಬೆಳೆಯುತ್ತಿರುತ್ತದೆ, ಈ ವೈರಸ್ಸಿಗೆ ಬೇಕಾದದ್ದೂ ಅದೇ. ಬದುಕುಳಿದರೆ ಮರಿ ತೂರಾಡುತ್ತ, ತಲೆ ಅಲುಗಿಸುತ್ತ ನಡೆಯುತ್ತದೆ. ಬಹುಕಾಲ ಇದನ್ನು ವಂಶದ ದೋಷ ಎಂದೇ ನಂಬಿದ್ದರು. ಕಿಲಮ್ ಮತ್ತು ಮಾರ್ಗೊಲಿಸ್ 1966ರಲ್ಲಿ ವೈರಸ್ಸಿನ ಕೈವಾಡ ಬಯಲು ಮಾಡಿದರು.

ಇನ್ನು ನಾಯಿ ಸಾಕಿದವರು ಇತ್ತ ಕಿವಿಗೊಡಿ. ನಿಮಗೆ ‘ಪಾರ್ವೊ’ ಗೊತ್ತು, ಹೆಸರು ಹೇಳಿದರೇ ಎದೆ ನಡುಗುತ್ತದೆ. 1978ಕ್ಕೆ ಮೊದಲು ಆ ರೋಗವನ್ನು ಯಾರೂ ಗುರುತಿಸಿಯೇ ಇರಲಿಲ್ಲ! ಬೆಕ್ಕಿನ ವೈರಸ್ಸಿನ ಹತ್ತಿರದ ದಾಯಾದಿಯೊಂದು ತನ್ನ ಹೊರಚಿಪ್ಪಿನಲ್ಲಿ ಬೆರಳೆಣಿಕೆಯಷ್ಟು ಬದಲಾವಣೆ ಮಾಡಿಕೊಂಡಿತು. ಅವುಗಳಲ್ಲಿ ತೀರ ಮುಖ್ಯವಾದವು ಎರಡೇ. ನಾಯಿಯ ಕೋಶದ ಕಬ್ಬಿಣದ ಬಾಗಿಲಿಗೆ ಕೀಲಿಕೈ ಹೊಂದಿಕೊಂಡೇಬಿಟ್ಟಿತು. ಎರಡು ವರ್ಷದೊಳಗೆ ಜಗತ್ತನ್ನೇ ಸುತ್ತಿ, ಎಲ್ಲೆಲ್ಲೂ ನಾಯಿಮರಿಗಳು ಸತ್ತವು. ನಾಯಿಗೆ ಲಸಿಕೆ ಇನ್ನೂ ಇರಲಿಲ್ಲ. ಆಗ ಪಶುವೈದ್ಯರು ಏನು ಮಾಡಿದರು ಊಹಿಸಿ. ಬೆಕ್ಕಿನ ಲಸಿಕೆಯನ್ನೇ ನಾಯಿಗೆ ಹಾಕಿದರು! ನಾಯಿಗಳನ್ನು ಆ ದಿನಗಳಲ್ಲಿ ಕಾದದ್ದು ಬೆಕ್ಕಿನ ಸೀಸೆ. ಈಚಿನ ನಾಯಿ ಪಾರ್ವೊ ತಳಿಗಳು ಮತ್ತೆ ಬೆಕ್ಕಿನ ಬಾಗಿಲನ್ನೂ ತೆರೆಯಲು ಕಲಿತಿವೆ.

ಇನ್ನು ನಮ್ಮ ಬನ್ನೇರುಘಟ್ಟ. ಅಲ್ಲಿನ ಜೈವಿಕ ಉದ್ಯಾನದಲ್ಲಿ 2023ರ ಆಗಸ್ಟ್ 22ರಿಂದ ಸುಮಾರು ಎರಡು ವಾರದೊಳಗೆ ಏಳು ಚಿರತೆ ಮರಿಗಳು ಸತ್ತದ್ದು ಇದೇ ಪ್ಯಾನ್‌ಲ್ಯೂಕೋಪೀನಿಯಾದಿಂದ. ಲಸಿಕೆ ಹಾಕಿಸಿದ್ದೆವು ಎಂದು ಅಲ್ಲಿನ ಅಧಿಕಾರಿಗಳು ಹೇಳಿದ್ದರು. ಹಾಗಾಗಿ ಲಸಿಕೆಯ ಜೊತೆಗೆ ನೆಲ ತೊಳೆಯುವುದು, ಬೇರೆ ಇರಿಸುವುದು, ಬೂಟು ಬದಲಿಸುವುದು ಎಲ್ಲವೂ ಬೇಕು. ಆದರೆ ನನ್ನ ಕಣ್ಣು ಅರಳಿದ್ದು ಬೇರೆ ಕಾರಣಕ್ಕೆ: ಸಿಂಹ, ಹುಲಿ, ಚಿರತೆ, ನಮ್ಮ ಹಿತ್ತಿಲ ಕೊತ್ತಿ, ಎಲ್ಲರಿಗೂ ಒಂದೇ ಬಾಗಿಲು, ಒಂದೇ ಶತ್ರು. ಕಾಡಂಚಿನ ಊರಿನಲ್ಲಿ ಒಂದು ಮನೆಬೆಕ್ಕಿಗೆ ಲಸಿಕೆ ಹಾಕಿಸಿದರೆ ಅದು ಮನೆಯೊಳಗಿನ ವಿಚಾರ ಮಾತ್ರವೇ?

ಅಂದ ಹಾಗೆ, ಸೀಸೆಯೊಳಗಿನ ವೈರಸ್‌ಗಳು ಬೆಳೆಯುವುದೆಲ್ಲಿ? ವೈರಸ್ಸಿಗೆ ಜೀವಕೋಶ ಬೇಕು, ಬೆಕ್ಕಿನ ವೈರಸ್ಸಿಗೆ ಬೆಕ್ಕಿನದೇ. 1964ರಲ್ಲಿ ಅಮೆರಿಕದಲ್ಲಿ ಹತ್ತು ಹನ್ನೆರಡು ವಾರದ ಒಂದು ಹೆಣ್ಣುಮರಿಯ ಮೂತ್ರಪಿಂಡದಿಂದ ಕ್ರ್ಯಾಂಡೆಲ್ ಎಂಬ ವಿಜ್ಞಾನಿ ಕೋಶಗಳನ್ನು ತೆಗೆದು ಬೆಳೆಸಿದರು. ಅವು ಇನ್ನೂ ಒಡೆಯುತ್ತಲೇ, ಹೆಚ್ಚುತ್ತಲೇ ಇವೆ! ಸಿಆರ್‌ಎಫ್‌ಕೆ ಎಂಬ ಹೆಸರಿನಲ್ಲಿ ಜಗತ್ತಿನ ಪ್ರಯೋಗಾಲಯಗಳಲ್ಲಿ, ಲಸಿಕೆ ತಯಾರಿಸುವಲ್ಲಿ. ಹೆಸರಿಲ್ಲದ ಆ ಮರಿ ಎಷ್ಟು ಕೋಟಿ ಮರಿಗಳನ್ನು ಬದುಕಿಸಿದೆಯೋ.

ಸೀಸೆಯ ಉಳಿದಿಬ್ಬರು ಹರ್ಪಿಸ್ ಮತ್ತು ಕ್ಯಾಲಿಸಿ, ಬೆಕ್ಕಿನ ಸೀನು, ಕಣ್ಣಿನ ಪಿಸುರು, ಬಾಯಿಹುಣ್ಣುಗಳ ಮೂಲಪುರುಷರು. ಹರ್ಪಿಸ್ ಒಮ್ಮೆ ಹೊಕ್ಕರೆ ಮುಖದ ನರಗಂಟಿನಲ್ಲಿ ಆಜೀವ ಅಡಗಿದ್ದು, ಮನೆ ಬದಲಾದರೆ, ಹೊಸ ಬೆಕ್ಕು ಬಂದರೆ ಮತ್ತೆ ತಲೆಯೆತ್ತುತ್ತದೆ. ಲಸಿಕೆ ಇವೆರಡನ್ನು ಪೂರ್ತಿ ತಡೆಯದು, ಹಲ್ಲು ಕಿತ್ತು ಬಿಡುತ್ತದೆ. ರೇಬಿಸ್ ಇಂಜೆಕ್ಷನ್ ಬೇರೆಯೇ: ಮೂರು ತಿಂಗಳಿಗೆ ಒಂದು, ವರ್ಷಕ್ಕೆ ಮತ್ತೊಂದು, ಆಮೇಲೆ ಡಾಕ್ಟರು ಹೇಳಿದಂತೆ. ನಮ್ಮ ದೇಶದಲ್ಲಿ ಅದರ ಬಗ್ಗೆ ಚರ್ಚೆಯೇ ಬೇಡ. ಬೆಕ್ಕು ಕಚ್ಚಿದರೂ ಪರಚಿದರೂ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಈ ಸೀಸೆಯಲ್ಲಿಲ್ಲದ ಇನ್ನೊಂದು ಶತ್ರುವೂ ಇದೆ: ಬೆಕ್ಕಿನ ರಕ್ತಕ್ಯಾನ್ಸರಿನ ವೈರಸ್ಸನ್ನು 1964ರಲ್ಲಿ ಗ್ಲಾಸ್ಗೊದ ವಿಲಿಯಂ ಜ್ಯಾರೆಟ್ ಕಂಡುಹಿಡಿದರು. 1985ರಲ್ಲಿ ಅದಕ್ಕೆ ಲಸಿಕೆ ಬಂತು. ಎಚ್‌ಐವಿಯ ಕುಲವಾದ ರೆಟ್ರೊವೈರಸ್‌ಗಳ ವಿರುದ್ಧ ಮಾರುಕಟ್ಟೆಗೆ ಬಂದ ಮೊಟ್ಟಮೊದಲ ಲಸಿಕೆ ಅದು, ಅದೂ ಬೆಕ್ಕಿಗೆ!

ಎಷ್ಟು ಕಾಲ ಬಾಳುತ್ತದೆ ಲಸಿಕೆ ಕಲಿಸಿದ ಪಾಠ? ಕಾರ್ನೆಲ್ ವಿಶ್ವವಿದ್ಯಾಲಯದ ಫ್ರೆಡ್ ಸ್ಕಾಟ್ ಮತ್ತು ಕಾರ್ಡೆಲ್ ಗೈಸಿಂಗರ್ ಮರಿಗಳಿಗೆ ಲಸಿಕೆ ಹಾಕಿ, ಹೊರಗಿನ ಸೋಂಕು ತಾಕದಂತೆ ಇಟ್ಟು, ಏಳೂವರೆ ವರ್ಷ ಕಾದರು. ಆಮೇಲೆ ನಿಜವಾದ ವೈರಸ್ಸನ್ನೇ ಒಡ್ಡಿದರು. ಪ್ಯಾನ್‌ಲ್ಯೂಕೋಪೀನಿಯಾ ಒಂದನ್ನೂ ಮುಟ್ಟಲಾಗಲಿಲ್ಲ! 1999ರಲ್ಲಿ ಈ ಫಲಿತಾಂಶ ಅಚ್ಚಾಯಿತು. ವರ್ಷವರ್ಷವೂ ಚುಚ್ಚುವ ಪದ್ಧತಿ ಸಡಿಲಗೊಂಡು, ಮನೆಯೊಳಗೇ ಇರುವ ದೊಡ್ಡ ಬೆಕ್ಕಿಗೆ ಮೂರು ವರ್ಷಕ್ಕೊಮ್ಮೆ ಸಾಕು ಎಂಬ ಸಲಹೆಗೆ ಇಂಥ ಕೆಲಸಗಳೇ ಆಧಾರ.

ಕಡಿಮೆ ಚುಚ್ಚುವುದಕ್ಕೆ ಇನ್ನೊಂದು ಕಾರಣವೂ ಇದೆ. 1991ರಲ್ಲಿ ಪೆನ್ಸಿಲ್ವೇನಿಯಾದ ರೋಗಶಾಸ್ತ್ರಜ್ಞರಾದ ಮ್ಯಾಟಿ ಹೆಂಡ್ರಿಕ್ ಮತ್ತು ಮೈಕೆಲ್ ಗೋಲ್ಡ್‌ಸ್ಮಿಟ್ ಚುಚ್ಚಿದ ಜಾಗದಲ್ಲಿ ಕೆಟ್ಟ ಗಂಟು ಬೆಳೆಯುವುದನ್ನು ಗಮನಿಸಿದರು. ಬಲು ಅಪರೂಪ, ಸಾವಿರಾರು ಬೆಕ್ಕುಗಳಲ್ಲಿ ಒಂದಕ್ಕೆ. ಗಂಟು ಮೂರು ತಿಂಗಳಾದರೂ ಉಳಿದರೆ, ಎರಡು ಸೆಂಟಿಮೀಟರ್ ಮೀರಿದರೆ, ತಿಂಗಳ ಮೇಲೂ ದೊಡ್ಡದಾಗುತ್ತಿದ್ದರೆ ತೋರಿಸಲೇಬೇಕು. ಹೆಗಲ ನಡುವೆ ಆದರೆ ಕತ್ತರಿಸಿ ತೆಗೆಯುವುದು ಕಷ್ಟ, ಅದಕ್ಕೇ ಬಹಳ ವೈದ್ಯರು ಈಗ ಕಾಲಿನ ಕೆಳಭಾಗಕ್ಕೆ ಚುಚ್ಚುತ್ತಾರೆ. ಫ್ಲಾರಿಡಾದ ಜೂಲಿ ಲೆವಿ ಮತ್ತು ಸಂಗಡಿಗರಿಗೆ ಇನ್ನೂ ಒಳ್ಳೆಯ ಜಾಗ ಹೊಳೆಯಿತು: ಬಾಲ! 2013ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಬಾಲದ ತುದಿಯತ್ತ ಚುಚ್ಚಿಸಿಕೊಂಡ ಬೆಕ್ಕುಗಳ ಮೈಯಲ್ಲಿ ಪ್ರತಿಕಾಯ ಚೆನ್ನಾಗಿಯೇ ಏರಿತ್ತು. ಕಾಲಿಗಿಂತ ಹೆಚ್ಚಿನ ರಂಪಾಟವನ್ನೂ ಅವು ಮಾಡಲಿಲ್ಲವಂತೆ. ನಿಮ್ಮ ಡಾಕ್ಟರನ್ನು ಕೇಳಿ ನೋಡಿ. ಬಾಲ ಹಿಡಿದುಕೊಳ್ಳುವ ಕೆಲಸ ಮಾತ್ರ ನಿಮ್ಮ ಪಾಲಿಗೇ ಬರುತ್ತದೆ.